ನಾಲ್ಕನೇ ಹಾಡಿನ ಹಿಂದಿನ ದನಿ

ಕಾಯಿರಿ, ಇದಕ್ಕೆ ಸ್ವಲ್ಪ ಕಾಯಬೇಕು. ಆಲ್ಬಮ್ಮಿನ ನಾಲ್ಕನೇ ಹಾಡು ಇದು. ಮೊದಲು ಬರೀ ಗಿಟಾರ್, ಆಮೇಲೆ ಆ ಹುಡುಗನ ದನಿ. ಮೊದಲ ಸಲ ಪಲ್ಲವಿ ಬಂದಾಗ ಅವನೊಬ್ಬನೇ ಹಾಡುತ್ತಾನೆ. ಎರಡನೇ ಸಲ ಪಲ್ಲವಿ ಬರುತ್ತದಲ್ಲ, ಅದರ ಎರಡನೇ ಸಾಲಿನ ನಡುವೆ, ಒಳಗೆ ಬರಲೋ ಬೇಡವೋ ಅಂತ ಹೊಸ್ತಿಲಲ್ಲಿ ನಿಂತವರ ಹಾಗೆ ಒಂದು ಹೆಣ್ಣು ದನಿ ಅವನ ಹಿಂದೆ ಬಂದು ಸೇರಿಕೊಳ್ಳುತ್ತದೆ. ಅವನಿಗಿಂತ ಒಂದು ಮೆಟ್ಟಿಲು ಕೆಳಗೆ. ಜೋರಾಗಿ ಅಲ್ಲ. ಗಮನ ಕೊಡದಿದ್ದರೆ ಗೊತ್ತೇ ಆಗುವುದಿಲ್ಲ.

ನನಗೂ ಗೊತ್ತಾಗಿರಲಿಲ್ಲ. ಒಂದು ವರ್ಷ ದಿನಾ ಕೇಳಿದ್ದೆ. ಅದನ್ನು ಕೇಳಿಸಿಕೊಂಡವಳು ನನ್ನ ಅಕ್ಕ. ಈ ಬರಹ ಆ ಆಲ್ಬಮ್ ಬಗ್ಗೆ ಅಂತಲೇ ಶುರುಮಾಡಿದ್ದೇನೆ. ಆದರೆ ಅದರ ಬಗ್ಗೆ ಬರೆಯಲು ಕುಳಿತಾಗಲೆಲ್ಲ, ನಮ್ಮ ಮನೆಯಲ್ಲೇ ಇದ್ದ ಅಂಥದೊಂದು ದನಿಯನ್ನು ನಾನು ಹೇಗೆ ನಿಲ್ಲಿಸಿಬಿಟ್ಟೆ ಎನ್ನುವುದೇ ಮುಂದೆ ಬಂದು ನಿಲ್ಲುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ.

ಬ್ಯಾಂಡಿನ ಹೆಸರು ಬೇಡ. ಅವರ ಹೆಸರಿಗೆ ನನ್ನ ತಪ್ಪನ್ನು ಅಂಟಿಸಲು ಮನಸ್ಸಿಲ್ಲ. ಐರ್ಲೆಂಡಿನವರು, ಸಮುದ್ರದ ಪಕ್ಕದ ಒಂದು ಸಣ್ಣ ಊರಿನವರು, ನಾಲ್ಕು ಜನ. ಇಂಡೀ ಪಾಪ್ ಅನ್ನುತ್ತಾರೆ ಇದನ್ನು. ಅಂದರೆ ದೊಡ್ಡ ಕಂಪನಿ ಇಲ್ಲ, ದೊಡ್ಡ ಸ್ಟುಡಿಯೊ ಇಲ್ಲ, ತಾವೇ ಬರೆದು ತಾವೇ ನುಡಿಸಿ ತಾವೇ ಹೊರಗೆ ತರುವುದು. ಇದು ಅವರ ಮೊದಲ ಆಲ್ಬಮ್. ಹತ್ತು ಹಾಡು. ಯಾರದೋ ಮನೆಯ ಒಂದು ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು. ಆರನೇ ಹಾಡಿನ ಕೊನೆಯಲ್ಲಿ ಯಾರೋ ಕುರ್ಚಿ ಸರಿಸಿದ್ದು ಕೇಳಿಸುತ್ತದೆ, ಹಾಗೇ ಬಿಟ್ಟಿದ್ದಾರೆ.

ನಾನು ಆಗ ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದ್ದೆ. ಹೊಸಪೇಟೆಯಿಂದ ಬೆಳಗಿನ ಶಿಫ್ಟಿನ ಬಸ್ಸು. ಎಲ್ಲರೂ ಕತ್ತು ವಾಲಿಸಿ ಮಲಗಿರುತ್ತಾರೆ. ನಾನು ಇಯರ್‌ಫೋನ್ ಹಾಕಿಕೊಂಡು ಏನೋ ಗಿಟಾರ್ ಪಾಠ ನೋಡುತ್ತಿದ್ದೆ, ಅದು ಮುಗಿದ ಮೇಲೆ ತಾನಾಗಿಯೇ ಈ ಆಲ್ಬಮ್ ಶುರುವಾಯಿತು. ಕಾಲುಭಾಗ ಇಂಗ್ಲಿಷ್ ಅರ್ಥವಾಯಿತು. ಬಸ್ ಸ್ಟಾಪ್, ಬೀಗ ಹಾಕಿದ ಅಂಗಡಿ, ಒಣಗಲು ಹಾಕಿದ ಬಟ್ಟೆ, ಇಂಥವೇ. ನಮ್ಮ ಜೀವನದಲ್ಲಿ ಇರುವ ಸಾಮಾನುಗಳನ್ನು ಇಟ್ಟುಕೊಂಡೂ ಹಾಡು ಕಟ್ಟಬಹುದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಾಡಿ ಗೇಟಿನೊಳಗೆ ಹೋಗುವಷ್ಟರಲ್ಲಿ ಹತ್ತೂ ಹಾಡು ಮುಗಿದಿದ್ದವು. ಆ ದಿನವೆಲ್ಲ ಹೆಲ್ಮೆಟ್ ಒಳಗೆ ಅವೇ ಹಾಡುಗಳು.

ಗಿಟಾರ್ ಬಂದದ್ದು ಹಂಪಿಯಿಂದ. ಅಲ್ಲಿ ಹೋಮ್‌ಸ್ಟೇ ನಡೆಸುವ ನನ್ನ ಕ್ಲಾಸ್‌ಮೇಟ್ ಮನೆಯಲ್ಲಿ ಯಾವುದೋ ಪ್ರವಾಸಿ ಬಿಟ್ಟುಹೋಗಿದ್ದ ಗಿಟಾರ್, ಎರಡು ತಂತಿ ಇರಲಿಲ್ಲ. ತಂತಿ ಹಾಕಿಸಿಕೊಂಡು ವಿಡಿಯೊ ನೋಡಿ ನೋಡಿ ಕಲಿತೆ. ಕಾರ್ಡ್, ಸ್ಕೇಲ್, ಹಾರ್ಮನಿ, ರೆಕಾರ್ಡಿಂಗ್, ಎಲ್ಲವೂ ಫೋನಿನಿಂದಲೇ. ಮನೆಯಲ್ಲಿ ಇದೆಲ್ಲ ಗೊತ್ತಿದ್ದವನು ನಾನೊಬ್ಬನೇ. ಇದನ್ನು ನೆನಪಿಡಿ ಅಂತ ಹೇಳುತ್ತಿಲ್ಲ, ಆದರೆ ಎಲ್ಲಾ ಕೆಟ್ಟದ್ದು ಅಲ್ಲಿಂದಲೇ ಆಯಿತು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಬಿ.ಕಾಂ. ಮಾಡಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಒಂದು ಭಾನುವಾರ ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಫೋನಿನ ಸ್ಪೀಕರಿನಲ್ಲಿ ಆ ಆಲ್ಬಮ್ ಹಚ್ಚಿದ್ದೆ. ನಾಲ್ಕನೇ ಹಾಡಿಗೆ ಅವಳ ಕೈ ನಿಂತಿತು.

"ಯಾರಲೇ ಅದು, ಹಿಂದ ಹಾಡಾಕತ್ತಾಕಿ?" ಅಂದಳು.

"ಯಾರೂ ಇಲ್ಲ, ಒಬ್ಬನ ಹಾಡ್ತಾನ."

"ಕಿವ್ಯಾಗ ಹಿಟ್ಟು ತುಂಬ್ಕೊಂಡಿ ಏನು? ಹಿಂದ ಹಚ್ಚು ನೋಡು. ಒಬ್ಬಾಕಿ ಸೊಲ್ಲು ಹಿಡ್ಯಾಕತ್ತಾಳ."

ಹಿಂದಕ್ಕೆ ಹೋಗಿ ಮತ್ತೆ ಹಚ್ಚಿದೆ. ಹೌದು. ಅಲ್ಲಿ ಇದ್ದಳು. ಒಂದು ವರ್ಷದಿಂದ ಅಲ್ಲೇ ಇದ್ದಳು.

ಸೊಲ್ಲು ಅಂದರೆ ಹೇಳಬೇಕು. ಕಂಪ್ಲಿಯಲ್ಲಿ ನಮ್ಮ ಅವ್ವನ ತವರು. ಅಲ್ಲಿ ಮದುವೆ ಅಂದರೆ ಹೆಂಗಸರು ಸೋಬಾನ ಪದ ಹಾಡುತ್ತಾರೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಹಿಂದಿನಿಂದ ಅದನ್ನು ಹಿಡಿದು ಹಾಡುತ್ತಾರೆ. ಅದೇ ಸೊಲ್ಲು ಹಿಡಿಯುವುದು. ಎತ್ತಿಕೊಡುವವಳ ಉಸಿರು ಮುಗಿಯುವ ಮೊದಲೇ ಹಿಂದಿನವರು ಶುರುಮಾಡಿರಬೇಕು, ಇಲ್ಲದಿದ್ದರೆ ಪದ ಬಿದ್ದುಹೋಗುತ್ತದೆ. ಅಕ್ಕ ರಜೆಯಲ್ಲಿ ಅಜ್ಜಿಯ ಪಕ್ಕ ಕೂತು ಇದನ್ನು ಕಲಿತಿದ್ದಳು. ನಾನು ಆರು ತಿಂಗಳು ಹಾರ್ಮನಿ, ಅಂದರೆ ಎರಡನೇ ದನಿ ಕೂಡಿಸುವ, ಪಾಠ ನೋಡಿದರೂ ಹಿಡಿಯಲಾಗದಂಥ ಸ್ವರವನ್ನು ಅವಳು ಹಿಟ್ಟಿನ ಕೈಯಲ್ಲೇ, ಕಲ್ಲಿನ ಮೇಲೆ ತಾಳ ಹಾಕುತ್ತ, ಆ ಐರಿಶ್ ಹುಡುಗಿಯ ಜೊತೆ ಸೇರಿ ಹಾಡಿಬಿಟ್ಟಳು. ಇಂಗ್ಲಿಷ್ ಪದ ಬರದ ಕಡೆ ಬರೀ 'ಆ' ಅನ್ನುವ ಆಕಾರ.

"ಆಕಿ ಒಂದು ಕಡೆ ಸ್ವಲ್ಪ ಇಳೀತಾಳ, ನೋಡು," ಅಂದಳು ಆಮೇಲೆ. "ಆದ್ರ ಅದಕ್ಕ ಚಂದ ಐತಿ."

ಅದು ನಿಜ. ಪಲ್ಲವಿಯ ಕೊನೆಯ ಸ್ವರವನ್ನು ಆ ಹುಡುಗಿ ಪೂರ್ತಿ ಮುಟ್ಟುವುದಿಲ್ಲ. ಸ್ವಲ್ಪ ಕೆಳಗೇ ಉಳಿಯುತ್ತಾಳೆ. ಬ್ಯಾಂಡಿನವರು ಅದನ್ನು ತಿದ್ದಿಲ್ಲ. ಆ ಆಲ್ಬಮ್ ನನಗೆ ಕಲಿಸಿದ ದೊಡ್ಡ ಪಾಠ ಅದು ಅಂತ ನಾನು ಆಗ ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ.

ಅಲ್ಲಿಂದ ನಾವಿಬ್ಬರೂ ಒಂದು ಹಾಡು ಕಟ್ಟಲು ಕೂತೆವು. ಕನ್ನಡದ್ದು, ನಮ್ಮದೇ. ನಾನು ಶಿಫ್ಟಿನ ಬಸ್ಸಿನ ಬಗ್ಗೆ ಒಂದು ಚರಣ ಬರೆದೆ. ಎರಡನೇ ಚರಣ ಅವಳದು: ತಂತಿಯ ಮೇಲೆ ಒಣಗಲು ಹಾಕಿದ ಬಿಳಿ ಅಂಗಿ, ಸಂಜೆಗೆ ತೆಗೆಯುವಾಗ ಅದಿರಿನ ಧೂಳಿಗೆ ಕೆಂಪಾಗಿರುವುದು. ನನ್ನ ಚರಣಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು. ಆಗ ಅದನ್ನೂ ಹೇಳಲಿಲ್ಲ.

ಪ್ರಾಕ್ಟೀಸಿಗೆ ಹಂಪಿಗೆ ಹೋಗುತ್ತಿದ್ದೆವು, ನದಿ ಪಕ್ಕದ ಬಂಡೆಗಳ ಹತ್ತಿರ. ಮನೆಯಲ್ಲಿ ಹಾಡಿದರೆ ಪಕ್ಕದ ಮನೆಯವರು ಟಿ.ವಿ. ಜೋರು ಮಾಡುತ್ತಿದ್ದರು. ಅಲ್ಲಿ ಅಕ್ಕ ಎಷ್ಟು ಬಿಚ್ಚಿ ಹಾಡುತ್ತಿದ್ದಳು ಅಂದರೆ, ಒಮ್ಮೆ ಶೇಂಗಾ ಮಾರುವ ಮುದುಕಿ ಬುಟ್ಟಿ ಇಳಿಸಿ ಕೂತುಬಿಟ್ಟಳು. ಹಾಡು ಮುಗಿದ ಮೇಲೆ ಕೇಳಿದಳು:

"ಯಾರ ಮದಿವಿರಿ?"

"ಮದಿವಿ ಅಲ್ಲಬೇ, ಸುಮ್ನ ಹಾಡಾಕತ್ತೀವಿ," ಅಂದಳು ಅಕ್ಕ.

"ಮದಿವಿ ಇಲ್ದ ಹಿಂಗ್ಯಾಕ ಒದರ್ತೀರಿ? ಇರ್ಲಿ, ಇನ್ನೊಂದು ಹಾಡ್ರಿ. ಈ ಹುಡುಗ ಸ್ವಲ್ಪ ಸುಮ್ನಿರ್ಲಿ."

ಅಕ್ಕ ನಕ್ಕು ನಕ್ಕು ಬಂಡೆಗೆ ಒರಗಿದಳು. ಬಸ್ಸಿನಲ್ಲಿ ಮನೆಗೆ ಬರುವವರೆಗೂ "ಈ ಹುಡುಗ ಸ್ವಲ್ಪ ಸುಮ್ನಿರ್ಲಿ" ಅಂತ ನನ್ನನ್ನು ಕಾಡಿದಳು.

ನನ್ನದೊಂದು ವಿಡಿಯೊ ಚಾನೆಲ್ ಇತ್ತು, ಅದಕ್ಕೆ ಏರಿಸಲು ರೆಕಾರ್ಡ್ ಮಾಡಿದ್ದು ನಮ್ಮ ಹಿಂದಿನ ಕೋಣೆಯಲ್ಲಿ. ಕಿಟಕಿಗೆ ಗಾದಿ ನಿಲ್ಲಿಸಿ, ಫ್ಯಾನ್ ಆರಿಸಿ, ಬೀದಿಯ ಬೋರ್‌ವೆಲ್ ಮೋಟರ್ ನಿಂತ ಹೊತ್ತು ನೋಡಿಕೊಂಡು. ರೆಕಾರ್ಡ್ ಮಾಡಲು ಇದ್ದದ್ದು ನನ್ನ ಒಂದೇ ಫೋನು. ಇಬ್ಬರೂ ಅದರ ಮುಂದೆ ಕೂತು ಒಟ್ಟಿಗೇ ಹಾಡಿದೆವು. ಮೂರನೇ ಸಲಕ್ಕೆ ಸರಿಯಾಯಿತು. ಅದನ್ನು ಹಚ್ಚಿ ಕೇಳಿದೆವು. ನನ್ನ ದನಿ ನನ್ನ ದನಿಯಂತೆಯೇ ಇತ್ತು, ಅಂದರೆ ಸಾಧಾರಣ. ಅವಳು ಬಂದು ಸೇರಿದ ಕಡೆ ಅದು ಹಾಡಾಗುತ್ತಿತ್ತು.

ಅದೇ ವಾರ ಸಂಡೂರಿನಿಂದ ಅಕ್ಕನನ್ನು ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಹುಡುಗ ಅಲ್ಲಿಯ ಗಣಿಯೊಂದರಲ್ಲಿ ಲಾರಿಗಳ ತೂಕ ನೋಡುವ ಕೆಲಸದಲ್ಲಿದ್ದ. ಅಪ್ಪ ಅವ್ವ ಖುಷಿಯಲ್ಲಿದ್ದರು, ಅಕ್ಕನೂ ಬೇಡ ಅಂದಿರಲಿಲ್ಲ.

ಈಗ ನನ್ನ ತಲೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ಹಾಡು ಹಾಡುವ ಹುಡುಗಿಯರ ವಿಡಿಯೊ ಕೆಳಗೆ ಎಂಥೆಂಥ ಕಾಮೆಂಟ್ ಬರುತ್ತವೆ ಅಂತ ನನಗೆ ಗೊತ್ತಿತ್ತು. ಸಂಡೂರಿನವರು ಅಕ್ಕನ ಹಾಡಿನ ಕೆಳಗೆ ಅಂಥದನ್ನು ನೋಡಿದರೆ? ಅವರ ನೆಂಟರು ಯಾರಾದರೂ ತೋರಿಸಿದರೆ? ಅಪ್ಪ ಏನೂ ಅಂದಿರಲಿಲ್ಲ. ಅವ್ವ ಏನೂ ಅಂದಿರಲಿಲ್ಲ. ಸಂಡೂರಿನವರನ್ನು ನಾನು ಕಂಡೇ ಇರಲಿಲ್ಲ. ಅವರೆಲ್ಲರ ಪರವಾಗಿ ನಾನೇ ಹೆದರಿದೆ, ನಾನೇ ತೀರ್ಮಾನ ಮಾಡಿದೆ. ಹೀಗೆ ಮನೆಯ ಹೆಣ್ಣುಮಗಳ ಬಗ್ಗೆ ಅವಳೊಬ್ಬಳನ್ನು ಬಿಟ್ಟು ಎಲ್ಲರ ಮನಸ್ಸನ್ನೂ ಊಹಿಸುವುದು ನಮಗೆ ಎಷ್ಟು ಸಲೀಸು.

ಒಂದೇ ಫೋನಿನಲ್ಲಿ ಹಾಡಿದ್ದರಿಂದ ಅವಳ ದನಿಯನ್ನು ಬೇರೆ ಮಾಡಿ ತೆಗೆಯಲು ಬರುತ್ತಿರಲಿಲ್ಲ. ಅವಳು ಅಂಗಡಿಗೆ ಹೋಗಿದ್ದಾಗ ನಾನೊಬ್ಬನೇ ಕೂತು ಇಡೀ ಹಾಡನ್ನು ಮತ್ತೆ ಹಾಡಿದೆ. ಎರಡನೇ ದನಿಯನ್ನೂ ನಾನೇ ಗಂಟಲು ಸಣ್ಣ ಮಾಡಿ ಬೇರೆಯಾಗಿ ಹಾಡಿ ಅದರ ಮೇಲೆ ಕೂಡಿಸಿದೆ. ಹಂಪಿಯ ಬಂಡೆಗಳ ಒಂದು ಫೋಟೊ ಹಾಕಿ, ಸಾಹಿತ್ಯ, ಸಂಗೀತ, ಗಾಯನ ಎಲ್ಲದಕ್ಕೂ ನನ್ನ ಹೆಸರು ಹಾಕಿ, ನನ್ನ ಚಾನೆಲ್ಲಿಗೆ ಏರಿಸಿದೆ. ಹಳೆಯ ರೆಕಾರ್ಡಿಂಗ್ ಅಳಿಸಿದೆ. ಫೋನಿನಲ್ಲಿ ಜಾಗ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಅಂದರೆ, ಅದನ್ನು ಮತ್ತೆ ಕೇಳಿದರೆ ಹೊಸದನ್ನು ಏರಿಸಲು ಧೈರ್ಯ ಬರುತ್ತಿರಲಿಲ್ಲ.

ಸಂಜೆ ಅಕ್ಕ ಬಂದವಳು ಚೀಲವನ್ನೂ ಇಳಿಸದೆ ಕೇಳಿದಳು.

"ಅಂಗಡ್ಯಾಗ ಹಾಡು ಕೇಳಿದೆ. ನನ್ನ ದನಿ ಇಲ್ಲಲ್ಲಲೇ ಅದರಾಗ?"

ಸಂಡೂರಿನವರ ಮಾತು ಎತ್ತಿದ್ದರೆ ಅವಳು ಜಗಳ ಮಾಡುತ್ತಿದ್ದಳು. ಗೆಲ್ಲುತ್ತಲೂ ಇದ್ದಳು. ಅದಕ್ಕೆ ಅವಳು ಜಗಳ ಮಾಡಲಾಗದಂಥ ಒಂದು ಮಾತು ಹುಡುಕಿದೆ.

"ನಿನ್ನ ಶ್ರುತಿ ಸ್ವಲ್ಪ ತಪ್ಪಿತ್ತಕ್ಕಾ," ಅಂದೆ.

ಅವಳ ಮುಖ ಈಗಲೂ ಕಾಣುತ್ತದೆ. ಸಿಟ್ಟು ಬರಲಿಲ್ಲ. ಕ್ಲಾಸಿನಲ್ಲಿ ಲೆಕ್ಕ ತಪ್ಪಿದವರು ಮೇಷ್ಟ್ರ ಹತ್ತಿರ ಬರುವ ಹಾಗೆ ಹತ್ತಿರ ಬಂದಳು.

"ಎಲ್ಲಿ ತಪ್ಪಿತ್ತು? ಯಾವ ಸಾಲಿನ್ಯಾಗ? ಆಗ ಹೇಳಬೇಕಿತ್ತು, ಮತ್ತೊಮ್ಮೆ ಹಾಡ್ತಿದ್ನೆಲ್ಲ."

"ಒಂದ ಕಡೆ ಅಲ್ಲ. ಎಲ್ಲಾ ಕಡೆ ಸ್ವಲ್ಪ ಸ್ವಲ್ಪ."

"ಖರೇನ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಫೋನ್ ತೆಗೆದು ಟ್ಯೂನರ್ ಆ್ಯಪ್ ಹಚ್ಚಿದೆ. ಗಿಟಾರ್ ತಂತಿ ಶ್ರುತಿ ಮಾಡಲು ಬಳಸುವುದು. ತಂತಿಯ ಸ್ವರ ಸರಿ ಇದ್ದರೆ ಅದರ ಮುಳ್ಳು ನಡುವೆ ಹಸಿರಾಗಿ ನಿಲ್ಲುತ್ತದೆ, ತಪ್ಪಿದರೆ ಆಚೀಚೆ ಕೆಂಪಾಗಿ ಓಡಾಡುತ್ತದೆ. "ಹಾಡು ನೋಡೋಣ" ಅಂದೆ. ಅವಳು ಒಂದು ಸಾಲು ಹಾಡಿದಳು. ಮುಳ್ಳು ಕೆಂಪಿಗೆ ಹೋಯಿತು, ಹಸಿರಿಗೆ ಬಂತು, ಮತ್ತೆ ಕೆಂಪಿಗೆ ಹೋಯಿತು. ಮನುಷ್ಯರು ಯಾರೇ ಹಾಡಿದರೂ ಅದು ಹಾಗೇ ಓಡಾಡುತ್ತದೆ, ದನಿ ತಂತಿಯಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಅವಳು ಮುಳ್ಳನ್ನೇ ನೋಡುತ್ತ ದನಿ ಸಣ್ಣ ಮಾಡಿದಳು, ಇನ್ನೂ ಸಣ್ಣ ಮಾಡಿದಳು. ಆಮೇಲೆ ನಿಲ್ಲಿಸಿದಳು.

"ಹೌದಲೇ," ಅಂದಳು. "ಇಷ್ಟು ದಿನ ಗೊತ್ತ ಆಗಿರ್ಲಿಲ್ಲ ನೋಡು."

ನಾಲ್ಕು ದಿನದ ನಂತರ ಸಂಡೂರಿನವರು ಬಂದರು. ಉಪ್ಪಿಟ್ಟು, ಚಹಾ ಆಯಿತು. ಹುಡುಗನ ತಾಯಿ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು:

"ಹಾಡಾಕ ಬರ್ತೈತೇನವ್ವಾ? ನಮ್ಮ ಮನ್ಯಾಗ ಎಲ್ಲಾರ್ಗೂ ಹಾಡಿನ ಹುಚ್ಚು. ಇವ ತಬಲಾ ಬಾರಸ್ತಾನ, ಶನಿವಾರ ಭಜನಿ ಬಿಡಂಗಿಲ್ಲ."

ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ.

"ಬರಂಗಿಲ್ರಿ," ಅಂದಳು.

ಅವ್ವ ಬೆರಗಾಗಿ ಅವಳನ್ನು ನೋಡಿದಳು. ಹುಡುಗನ ತಾಯಿಗೆ ಸ್ವಲ್ಪ ಬೇಸರವೇ ಆಯಿತು, ತೋರಿಸಿಕೊಳ್ಳದೆ "ಇರ್ಲಿ ಬಿಡವ್ವಾ" ಅಂದರು. ನಾನು ಬಾಯಿ ತೆಗೆಯಲಿಲ್ಲ. ಬಾಯಿ ತೆಗೆಯಲು ಸರಿಯಾದ ಸಮಯ ಅಂತ ಒಂದು ಇದ್ದರೆ ಅದು ಆ ಕ್ಷಣವೇ ಆಗಿತ್ತು. ತಟ್ಟೆ ತೆಗೆದುಕೊಂಡು ಒಳಗೆ ಹೋದೆ.

ಮದುವೆಯಾಯಿತು. ಅಕ್ಕ ಸಂಡೂರಿಗೆ ಹೋದಳು. ಮಾವ, ಅಂದರೆ ಅಕ್ಕನ ಗಂಡ, ಒಳ್ಳೆಯ ಮನುಷ್ಯ. ಕಳೆದ ವರ್ಷ ಕಂಪ್ಲಿಯಲ್ಲಿ ನೆಂಟರೊಬ್ಬರ ಮದುವೆ ಇತ್ತು. ಹೆಂಗಸರು ಸೋಬಾನಕ್ಕೆ ಕೂತರು. ಅಜ್ಜಿ ಎತ್ತಿಕೊಟ್ಟಳು. ನಾನು ಕಂಬದ ಹತ್ತಿರ ನಿಂತಿದ್ದೆ. ಸೊಲ್ಲು ಹಿಡಿಯುವವರ ಸಾಲಿನಲ್ಲಿ ಅಕ್ಕ ಬರೀ ತುಟಿ ಆಡಿಸುತ್ತಿದ್ದಳು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗಿರಲಿಕ್ಕಿಲ್ಲ. ನನಗೆ ಗೊತ್ತಾಯಿತು. ಹಿಂದಿನ ದನಿಯನ್ನು ಹುಡುಕಿ ಕೇಳುವುದನ್ನು ನನಗೆ ಕಲಿಸಿದ್ದೇ ಅವಳು.

ಆಮೇಲೆ ಒಂದು ಶನಿವಾರ ಸಂಡೂರಿಗೆ ಹೋದೆ. ಮಾವ ಭಜನೆಗೆ ಹೋಗಲು ತಬಲಾ ಬಟ್ಟೆಯಲ್ಲಿ ಕಟ್ಟುತ್ತಿದ್ದರು.

"ಬರ್ರಿ ಸಂಗೀತ ಮಾಸ್ತರ, ಕುಂದ್ರಿ," ಅಂದರು. ನನ್ನನ್ನು ಯಾವಾಗಲೂ ಹಾಗೇ ಕರೆಯುತ್ತಾರೆ. "ನಿಮ್ಮ ಅಕ್ಕಗ ಸ್ವಲ್ಪ ಹೇಳ್ರಿ. ಭಜನ್ಯಾಗ ಹೆಣ್ಮಕ್ಕಳ ಕಡೆ ದನಿ ಕಮ್ಮಿ ಆಗ್ಯಾವ, ಬಾ ಅಂದ್ರ ಒಲ್ಲೆ ಅಂತಾಳ. ನನ್ನ ಶ್ರುತಿ ತಪ್ಪತೈತಿ, ನನ್ನ ತಮ್ಮ ಎಲ್ಲಾ ಕಲ್ತಾನ, ಮಷಿನ್ ಹಚ್ಚಿ ತೋರಿಸ್ಯಾನ ಅಂತಾಳ. ಹಂಗೂ ಮಷಿನ್ ಇರ್ತಾವೇನ್ರಿ?"

ಅವರಿಗೆ ನನ್ನ ಬಗ್ಗೆ ಹೆಮ್ಮೆ ಇತ್ತು. ತಬಲಾ ಗಂಟನ್ನು ಬಾಗಿಲ ತನಕ ಹೊತ್ತುಕೊಟ್ಟೆ. ಅವರು ಹೋದರು.

ಅಕ್ಕ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಅವತ್ತು ಹೇಳಲೇಬೇಕು ಅಂತ ಅವಳ ಎದುರು ಕೂತೆ.

"ಅಕ್ಕಾ, ಅವತ್ತು ನಿನ್ನ ಶ್ರುತಿ ತಪ್ಪಿರ್ಲಿಲ್ಲ. ನಾ ಸುಳ್ಳು ಹೇಳಿದೆ."

ಅವಳು ತಲೆ ಎತ್ತಲಿಲ್ಲ. "ಮಾವ ಹೇಳ್ಕೊಟ್ರೇನು ಹಿಂಗ ಅನ್ನು ಅಂತ?"

"ಅಲ್ಲ. ಖರೇನ ಹೇಳಾಕತ್ತೀನಿ. ನಿನ್ನ ನೋಡಾಕ ಬರೋರು ಏನಂತಾರ ಅಂತ ಹೆದರಿ ನಿನ್ನ ದನಿ ತೆಗ್ದೆ. ಶ್ರುತಿ ಅಂತ ಸುಮ್ನ ಅಂದೆ."

"ಆ ಮುಳ್ಳು ಕೆಂಪಗ ಆಗಿದ್ದು ನಾ ನೋಡೀನಲ್ಲಲೇ?"

"ಅದು ಎಲ್ಲಾರ್ಗೂ ಆಗ್ತೈತಿ. ನನಗೂ ಆಗ್ತೈತಿ." ಫೋನ್ ತೆಗೆದು ನಾನೇ ಹಾಡಿ ತೋರಿಸಿದೆ. ಮುಳ್ಳು ಅಲ್ಲಾಡಿತು.

"ನೀ ಈಗ ಬೇಕಂತ ತಪ್ಪಿಸಿ ಹಾಡಿದಿ," ಅಂದಳು. ನಗುತ್ತಲೇ ಅಂದಳು.

ಐರಿಶ್ ಹುಡುಗಿಯ ಮಾತು ತೆಗೆದೆ. ಅವಳೂ ಸ್ವರ ಪೂರ್ತಿ ಮುಟ್ಟುವುದಿಲ್ಲ, ಅದಕ್ಕೇ ಚಂದ ಅಂತ ನೀನೇ ಅಂದಿದ್ದೆ ಅಂದೆ.

"ಅವರೇನು, ಕಲ್ತ ಮಂದಿ. ಬೇಕಂತ ಇಳಿಸಿರ್ತಾರ. ನಾನು ಗೊತ್ತಿಲ್ದ ಇಳೀತೀನಿ. ಎರಡೂ ಒಂದ ಆಗ್ತೈತೇನು?"

ಅವಳೇ ಮೊರ ಕೆಳಗಿಟ್ಟು ಕೇಳಿದಳು.

"ಆತು, ಆ ರೆಕಾರ್ಡಿಂಗ್ ಹಚ್ಚು. ಗಾದಿ ನಿಲ್ಲಿಸಿ ಹಾಡಿದ್ವೆಲ್ಲ, ಅದು. ಕೇಳೂನು. ನನಗ ನಾನ ತಿಳ್ಕೊತೀನಿ."

"ಇಲ್ಲಕ್ಕಾ. ಅವತ್ತ ಅಳಿಸಿಬಿಟ್ಟೆ."

ಅವಳು ನನ್ನ ಕಡೆ ನೋಡಿದಳು. ಅದರಲ್ಲಿ ಆರೋಪ ಇರಲಿಲ್ಲ. ಪುಟ್ಟ ತಮ್ಮನನ್ನು ನೋಡುವ ಹಾಗೇ ನೋಡಿದಳು.

"ಚಲೋ ಇದ್ದಿದ್ರ ಯಾಕ ಅಳಿಸ್ತಿದ್ದಿ, ತಮ್ಮಾ?" ಅಂದಳು. "ಹೋಗ್ಲಿ ಬಿಡು. ಎಲ್ಲಾರ್ಗೂ ಎಲ್ಲಾ ಬರಬೇಕಂತ ಏನೈತಿ? ನೀ ಮನಸಿಗೆ ಹಚ್ಕೋಬ್ಯಾಡ."

ನನ್ನ ಸುಳ್ಳನ್ನು ಅವಳು ಒಂದೇ ಮಾತಿಗೆ ನಂಬಿದ್ದಳು. ನಿಜ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂತ ತಿಳಿದು ನನ್ನನ್ನೇ ಸಮಾಧಾನ ಮಾಡಿ ಒಳಗೆ ಹೋದಳು. ಆಮೇಲೆ ಇನ್ನೂ ಎರಡು ಸಲ ಹೇಳಿ ನೋಡಿದ್ದೇನೆ. ಎರಡನೇ ಸಲ, "ಮತ್ತ ಅದನ್ನ ತೆಗೀಬ್ಯಾಡ" ಅಂದಳು. ಆ ಮಾತಿನಲ್ಲಿ ನಗು ಇರಲಿಲ್ಲ.

ನನ್ನ ಚಾನೆಲ್ಲಿನಿಂದ ಆ ಹಾಡು ತೆಗೆದಿದ್ದೇನೆ. ಅದರಿಂದ ಏನೂ ಆಗಲಿಲ್ಲ, ಆಗುವುದೂ ಇಲ್ಲ. ಮಾವ ಈಗಲೂ ಶನಿವಾರ ತಬಲಾ ಕಟ್ಟಿಕೊಂಡು ಒಬ್ಬರೇ ಹೋಗುತ್ತಾರೆ.

ಇದನ್ನು ಓದಿದವರಲ್ಲಿ ಯಾರಾದರೂ ಇದ್ದೀರಾ, ನಿಮಗೆ ಹಾಡಲು ಬರುವುದಿಲ್ಲ, ಬರೆಯಲು ಬರುವುದಿಲ್ಲ ಅಂತ ಮನೆಯವರೇ ಹೇಳಿ ನಿಲ್ಲಿಸಿ, ಆಮೇಲೆ ಎಷ್ಟೋ ವರ್ಷಕ್ಕೆ ಮತ್ತೆ ಶುರುಮಾಡಿದವರು? ಏನು ಕೇಳಿ, ಯಾರ ಮಾತು ನಂಬಿ ಶುರುಮಾಡಿದಿರಿ? ಅಥವಾ ನನ್ನಂತೆ ಹೇಳಬಾರದ್ದನ್ನು ಹೇಳಿ, ಅದನ್ನು ಹಿಂದಕ್ಕೆ ತೆಗೆದುಕೊಂಡು ಗೆದ್ದವರು ಇದ್ದೀರಾ? ಕೆಳಗೆ ಬರೆಯಿರಿ. ಉದ್ದ ಆದರೂ ಪರವಾಗಿಲ್ಲ, ಎಲ್ಲವನ್ನೂ ಓದುತ್ತೇನೆ. ನನ್ನ ಮಾತು ಅವಳಿಗೆ ಇನ್ನು ನಾಟುವುದಿಲ್ಲ. ನೀವು ಬರೆದದ್ದನ್ನು ತೆಗೆದುಕೊಂಡು ಹೋಗಿ ಅವಳ ಮುಂದೆ ಕೂತು ಓದುತ್ತೇನೆ.